ಜಕ್ಕೂರಿನಿಂದ ಸೋಗಾನೆಗೆ ಸಣ್ಣ ವಿಮಾನದಲ್ಲಿ ಬರುವುದು ಹೇಗೆ?

ಶಿವಮೊಗ್ಗದ ಬಳಿ ಇರುವ ಸೋಗಾನೆಯ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಬೆಂಗಳೂರಿನ ಜಕ್ಕೂರು ಏರೋಡ್ರೋಮ್‌ನಲ್ಲಿ ಫ್ಲೈಯಿಂಗ್ ಕಲಿಯುವ ಮಲೆನಾಡಿನ ಮಕ್ಕಳಿಗೆ ಊರಿಗೆ ತಾವೇ ಹಾರಿಸಿಕೊಂಡು ಬರುವ ಆಸೆ ಸಹಜ. ಕಮರ್ಷಿಯಲ್ ಲೈಸೆನ್ಸ್‌ಗೆ ಹೇಗೂ 300 ನಾಟಿಕಲ್ ಮೈಲಿಯ (ಒಂದು ನಾಟಿಕಲ್ ಮೈಲಿ ಎಂದರೆ ಸುಮಾರು 1.85 ಕಿ.ಮೀ.) ಒಂದು ಕ್ರಾಸ್ ಕಂಟ್ರಿ, ಅಂದರೆ ಊರಿಂದೂರಿಗೆ ದೂರದ ಹಾರಾಟ, ಮಾಡಲೇಬೇಕು, ಎರಡು ಬೇರೆ ಕಡೆ ಇಳಿದು. ಆದರೆ ಘಟ್ಟದ ಹವೆ ಬಯಲುಸೀಮೆಯ ಹಾಗಲ್ಲ.

ಮೊದಲು ಕಾಲ ನೋಡಿ. ಪುನರ್ವಸು, ಪುಷ್ಯ ಮಳೆ ಹಿಡಿದಾಗ ಈ ದಾರಿ ಬೇಡವೇ ಬೇಡ. ಏಪ್ರಿಲ್, ಮೇನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಕಟ್ಟುತ್ತದೆ, ಹಾಗಾಗಿ ಬೆಳಿಗ್ಗೆಯೇ ಬಂದು ಇಳಿಯಿರಿ. ಚಳಿಗಾಲದಲ್ಲಿ ಇದು ಉಲ್ಟಾ. ತುಂಗೆ, ಭದ್ರೆಯ ಬಯಲಲ್ಲಿ ಬೆಳಿಗ್ಗೆ ಮಂಜು ಕೂತಿರುತ್ತದೆ, ಬಿಸಿಲು ಏರುವ ತನಕ ಕಾಯಿರಿ.

ಇನ್ನು ಪೆಟ್ರೋಲಿನ ಲೆಕ್ಕ. ಜಕ್ಕೂರಿನಿಂದ ಸೋಗಾನೆಗೆ ನೇರ ದೂರ ಸುಮಾರು 125 ನಾಟಿಕಲ್ ಮೈಲಿ. ತರಬೇತಿಯ ಸಣ್ಣ ವಿಮಾನ ಸೆಸ್ನಾ 172 ಗಂಟೆಗೆ 105 ನಾಟಿಕಲ್ ಮೈಲಿ, ಅಂದರೆ 105 ನಾಟ್ ವೇಗದಲ್ಲಿ ಹೋಗುತ್ತದೆ ಅಂದುಕೊಳ್ಳಿ, ಒಂದು ಗಂಟೆ ಹತ್ತು ನಿಮಿಷ ಸಾಕು. ಪಡುವಣ ಗಾಳಿ 25 ನಾಟ್ ಎದುರು ಬೀಸಿದರೆ ಅದೇ ದಾರಿ ಒಂದೂವರೆ ಗಂಟೆ ದಾಟುತ್ತದೆ. ಸೋಗಾನೆಯಲ್ಲಿ ಇಳಿಯಲಾಗದಿದ್ದರೆ ಎಲ್ಲಿಗೆ? ಮಂಗಳೂರು ನಕ್ಷೆಯಲ್ಲಿ ಹತ್ತಿರ ಕಾಣುತ್ತದೆ, ಆದರೆ ನಡುವೆ ಘಟ್ಟ ಇದೆ, ಬಜ್ಪೆಯದು ಗುಡ್ಡದ ತಲೆಯ ಮೇಲಿನ ಟೇಬಲ್‌ಟಾಪ್ ರನ್‌ವೇ. ನನ್ನ ಮತ ಹುಬ್ಬಳ್ಳಿಗೆ. ಸುಮಾರು 95 ಮೈಲಿ, ದಾರಿಯಲ್ಲಿ ಎತ್ತರದ ಗುಡ್ಡಗಳ ಕಾಟ ಕಡಿಮೆ. ಅಲ್ಲಿಗೂ ಸಾಲುವಷ್ಟು ಇಂಧನ, ಅದರ ಮೇಲೆ ಮುಕ್ಕಾಲು ಗಂಟೆಯದ್ದು ಇಟ್ಟುಕೊಳ್ಳಿ.

ಮೋಡದ ಲೆಕ್ಕವನ್ನು ಮಾತ್ರ ಕಾಗದದ ಮೇಲೆ ಬರೆದೇ ಮಾಡಿ. ಹವಾಮಾನ ವರದಿಯಲ್ಲಿ ಉಷ್ಣಾಂಶ, ಡ್ಯೂ ಪಾಯಿಂಟ್ (ಗಾಳಿಯ ತೇವ ಹನಿಗಟ್ಟಲು ಶುರುವಾಗುವ ಉಷ್ಣಾಂಶ) ಎರಡೂ ಇರುತ್ತವೆ. ವ್ಯತ್ಯಾಸದ ಪ್ರತಿ ಡಿಗ್ರಿಗೆ 400 ಅಡಿ ಹಿಡಿಯಿರಿ. 27 ಮತ್ತು 23 ಇದ್ದರೆ ಮೋಡದ ತಳ ನೆಲದಿಂದ ಸುಮಾರು 1,600 ಅಡಿ. ಮೋಡದಿಂದ 1,000 ಅಡಿ ಕೆಳಗಿರಬೇಕು ಎಂದರೆ ನಿಮಗೆ ಉಳಿಯುವುದು ಬರೀ 600 ಅಡಿ. ಶಿವಮೊಗ್ಗದ ನೆಲ ಸಮುದ್ರಮಟ್ಟದಿಂದ ಸುಮಾರು 2,000 ಅಡಿ, ಮುಳ್ಳಯ್ಯನಗಿರಿ 6,300 ಅಡಿ. ಅಂದರೆ ಅವತ್ತು ಬಾಬಾಬುಡನ್ ಸಾಲು ಅರ್ಧಕ್ಕಿಂತ ಜಾಸ್ತಿ ಮೋಡದೊಳಗೆ. ಸುಮ್ನೆ ಮನೆಯಲ್ಲಿರಿ.

ದಾರಿಗೆ ರೈಲು ಹಳಿಯೇ ಒಳ್ಳೆಯ ಗುರುತು: ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ಬೀರೂರು, ತರೀಕೆರೆ, ಭದ್ರಾವತಿ. ಕಡೂರಿನ ಹತ್ತಿರ ನಿಮ್ಮ ಮನಸ್ಸಿನಲ್ಲಿ ಒಂದು ಗೆರೆ ಇರಲಿ. ಅಲ್ಲಿಂದ ಮುಂದೆ ಎಡಕ್ಕೆ ಬೆಟ್ಟ ಶುರು. ತರೀಕೆರೆ ಕಡೆಯ ನೆಲ ಕಾಣದಿದ್ದರೆ ವಾಪಸ್. ಇದನ್ನು ಹೊರಡುವ ಮುಂಚೆಯೇ ತೀರ್ಮಾನಿಸಿ, ಮೇಲೆ ಹೋದ ಮೇಲೆ ‘ಇನ್ನೊಂದು ಐದು ನಿಮಿಷ ನೋಡೋಣ’ ಅನ್ನಿಸುತ್ತದೆ, ಅಲ್ವಾ? ಪಡುವಣ ಗಾಳಿ ಜೋರಿದ್ದರೆ ಸಾಲಿನ ಪೂರ್ವ ಮಗ್ಗುಲಲ್ಲಿ ಗಾಳಿ ಕೆಳಕ್ಕೆ ಸುರಿಯುತ್ತದೆ, ವಿಮಾನವನ್ನೂ ಎಳೆಯುತ್ತದೆ. ಬೆಟ್ಟದಿಂದ ದೂರವಿರಿ. ಗುಡುಗು ಮೋಡದಿಂದ 20 ಮೈಲಿ ದೂರ. ಹಳೆಯ ಕಾರ್ಬ್ಯುರೇಟರ್ ಎಂಜಿನ್ ಆದರೆ ಹೊರಗೆ 20 ಡಿಗ್ರಿ ಇದ್ದರೂ ತೇವದ ಗಾಳಿಯಲ್ಲಿ ಒಳಗೆ ಐಸ್ ಕಟ್ಟಬಹುದು. ಆರ್‌ಪಿಎಂ (ಎಂಜಿನ್ ಸುತ್ತುವ ವೇಗ) ಮೆಲ್ಲಗೆ ಇಳಿಯುತ್ತಿದ್ದರೆ, ಕಾರ್ಬ್ಯುರೇಟರ್‌ಗೆ ಬಿಸಿ ಗಾಳಿ ಕೊಡುವ ಕಾರ್ಬ್ ಹೀಟ್ ಎಳೆಯಿರಿ. ಮುಂದೆ ಎರಡು ನದಿ ಸೇರುವ ಕೂಡ್ಲಿ ಕೆಳಗೆ ಕಂಡಿತೋ, ಸೋಗಾನೆ ದಾಟಿ ಬಂದಿದ್ದೀರಿ ಎಂದರ್ಥ.

ಇಳಿಯುವಾಗ ಮೊದಲ ಮೋಸ ಕಣ್ಣಿನದು. ಜಕ್ಕೂರಿನ ಸಣ್ಣ ರನ್‌ವೇಗೆ ಪಳಗಿದ ಕಣ್ಣಿಗೆ ಇಲ್ಲಿನ ಅಗಲವಾದ, 3 ಕಿ.ಮೀ.ಗೂ ಉದ್ದದ ರನ್‌ವೇ ‘ನೆಲ ಬಂತು’ ಎಂದು ಬೇಗ ಹೇಳುತ್ತದೆ. ಮೂತಿ ಎತ್ತಿಬಿಡುತ್ತೀರಿ, ವಿಮಾನ ಮೇಲಿಂದ ಧೊಪ್ಪನೆ ಬೀಳುತ್ತದೆ. ದೃಷ್ಟಿ ರನ್‌ವೇಯ ದೂರದ ತುದಿಯ ಮೇಲಿರಲಿ.

ಅಡ್ಡಗಾಳಿಗೂ ಲೆಕ್ಕ ಇದೆ. 20 ನಾಟ್ ಗಾಳಿ 30 ಡಿಗ್ರಿ ಓರೆಯಲ್ಲಿ ಬಂದರೆ ಅಡ್ಡ ಬಡಿಯುವುದು 10. 60 ಡಿಗ್ರಿಯಾದರೆ 17ರ ಹತ್ತಿರ. ಇಳಿದು ತೋರಿಸಿದ ಅಡ್ಡಗಾಳಿ ಎಂದು ಸೆಸ್ನಾ 172ರ ಕೈಪಿಡಿ ಕೊಡುವ ಅಂಕಿ 15. ಏಡಿಯ ಹಾಗೆ ಓರೆಯಾಗಿಯೇ ಕೆಳಗೆ ಬನ್ನಿ. ನೆಲ ಹತ್ತಿರವಾದಾಗ ರಡರ್ (ಬಾಲದ ಚುಕ್ಕಾಣಿ) ಪೆಡಲ್ ಒತ್ತಿ ಮೂತಿಯನ್ನು ನಡುಗೆರೆಗೆ ನೇರ ಮಾಡಿ, ಗಾಳಿ ಬರುವ ಕಡೆಯ ರೆಕ್ಕೆಯನ್ನು ಸ್ವಲ್ಪ ತಗ್ಗಿಸಿ. ಆ ಕಡೆಯ ಚಕ್ರವೇ ಮೊದಲು ತಾಗಬೇಕು. ಚಕ್ರ ತಾಗಿತೆಂದು ಕೈ ಸಡಿಲ ಬಿಡಬೇಡಿ. ವೇಗ ಇಳಿದಂತೆಲ್ಲ ಐಲೆರಾನ್ (ರೆಕ್ಕೆಯ ಹಿಂಬದಿಯ ಅಲುಗುವ ಪಟ್ಟಿ) ಅನ್ನು ಗಾಳಿಯ ಕಡೆಗೆ ಇನ್ನೂ ತಿರುಗಿಸುತ್ತಾ ಹೋಗಿ. ರನ್‌ವೇಯಲ್ಲಿ ನೀರು ನಿಂತಿದ್ದರೆ ಬ್ರೇಕ್ ಮೆಲ್ಲಗೆ. 36 ಪಿಎಸ್‌ಐ ಗಾಳಿ ತುಂಬಿದ ಟೈರು 54 ನಾಟ್ ಮೇಲೆ ನೀರಿನ ಮೇಲೆಯೇ ತೇಲಬಹುದು. ಅಪ್ರೋಚ್ (ಇಳಿಯಲು ರನ್‌ವೇ ಕಡೆಗೆ ಬರುವುದು) ಸರಿ ಕಾಣದಿದ್ದರೆ ಥ್ರಾಟಲ್ ಪೂರ್ತಿ ಕೊಟ್ಟು ಗೋ-ಅರೌಂಡ್, ಅಂದರೆ ಇಳಿಯದೆ ಮತ್ತೆ ಮೇಲೇರಿ ಸುತ್ತು ಹಾಕಿ ಬನ್ನಿ. ಯಾರೂ ನಗುವುದಿಲ್ಲ, ನಕ್ಕರೆ ನಗಲಿ.

ಇಳಿದ ಮೇಲೆ, ಹೊರಡುವ ಮುಂಚೆ ಕೊಟ್ಟಿದ್ದ ಫ್ಲೈಟ್ ಪ್ಲಾನ್ ಮುಗಿಸಿದ್ದು ಖಾತ್ರಿ ಮಾಡಿಕೊಳ್ಳಿ, ಇಲ್ಲದಿದ್ದರೆ ನಿಮ್ಮನ್ನು ಹುಡುಕಲು ಶುರುಮಾಡುತ್ತಾರೆ. ಕಾಫಿಗೆ ಹೋಗುವ ಮುಂಚೆ ವಿಮಾನವನ್ನು ಎರಡು ರೆಕ್ಕೆ, ಬಾಲ, ಮೂರೂ ಕಡೆ ಹಗ್ಗದಿಂದ ಕಟ್ಟಿ.