ಪ್ಯಾಕೆಟ್ಟಿನ ಬೆನ್ನು ಓದುತ್ತಾ: ಎಣ್ಣೆಯಿಲ್ಲದ ಕುರುಕಲು ಹುಡುಕಿದ ನನ್ನ ಅನುಭವ

ಹಾಲು, ಮೊಸರು, ಬೆಣ್ಣೆ, ಜೇನುತುಪ್ಪಗಳನ್ನು ಬಿಟ್ಟು ಸಂಪೂರ್ಣವಾಗಿ ಸಸ್ಯಮೂಲ ಆಹಾರಕ್ಕೆ ಹೊರಳಿದಾಗ ನನಗೆ ಹೆಚ್ಚಿನ ತೊಂದರೆಯೇನೂ ಆಗಲಿಲ್ಲ. ಆರು ತಿಂಗಳ ಬಳಿಕ, ಹೊರಗಿನಿಂದ ಸೇರಿಸುವ ಎಣ್ಣೆಯನ್ನೂ ಬಿಡಬೇಕೆಂದು ತೀರ್ಮಾನಿಸಿದಾಗ ಅಡುಗೆಮನೆ ಒಂದೆರಡು ವಾರಗಳಲ್ಲಿ ಅದಕ್ಕೂ ಒಗ್ಗಿಕೊಂಡಿತು. ಒಗ್ಗದೆ ಉಳಿದದ್ದು ಸಂಜೆ ನಾಲ್ಕು ಗಂಟೆಯ ಹಸಿವು. ಮನೆಯಲ್ಲಿದ್ದರೆ ಏನನ್ನಾದರೂ ಬೇಯಿಸಿಕೊಳ್ಳಬಹುದು. ಆದರೆ ಕೆಲಸದ ಮೇಜಿನ ಮುಂದೆ ಕುಳಿತಾಗಲೋ ಪ್ರಯಾಣದ ನಡುವೆಯೋ ಬಾಯಾಡಿಸಲು ಏನಾದರೂ ಬೇಕೆನಿಸಿದರೆ ಪ್ಯಾಕೆಟ್ಟಿನ ತಿಂಡಿಯೇ ಗತಿ, ಮತ್ತು ಆ ತಿಂಡಿಗಳಲ್ಲಿ ಎಣ್ಣೆ ಸೋಕದ ಒಂದನ್ನು ಹುಡುಕುವುದು ನಾನು ಎಣಿಸಿದ್ದಕ್ಕಿಂತ ಎಷ್ಟೋ ಪಟ್ಟು ಕಠಿಣವಾಗಿತ್ತು.

ಎಣ್ಣೆಯನ್ನು ಏಕೆ ಬಿಟ್ಟೆ ಎಂಬುದನ್ನು ಚಿಕ್ಕದಾಗಿ ಹೇಳಿ ಮುಂದುವರಿಯುತ್ತೇನೆ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ ಇರುತ್ತದೆ. ಒಂದು ದೊಡ್ಡ ಚಮಚ ಎಣ್ಣೆಯೆಂದರೆ ಸುಮಾರು 120 ಕ್ಯಾಲೊರಿ, ಅದರಲ್ಲಿ ನಾರೂ ಇಲ್ಲ, ಹೊಟ್ಟೆ ತುಂಬಿದ ಭಾವವೂ ಇಲ್ಲ. ಎಣ್ಣೆ ಎಲ್ಲರಿಗೂ ಕೆಟ್ಟದ್ದೆಂದು ನಾನು ವಾದಿಸುವುದಿಲ್ಲ. ಬಾದಾಮಿ, ಎಳ್ಳು, ಅಗಸೆಬೀಜಗಳನ್ನು ಇಡಿಯಾಗಿ ತಿನ್ನುತ್ತೇನೆ, ಏಕೆಂದರೆ ದೇಹಕ್ಕೆ ಕೊಬ್ಬು ಬೇಕೇ ಬೇಕು. ಕಾಳಿನಿಂದ ಹಿಂಡಿ ತೆಗೆದ ಎಣ್ಣೆಯನ್ನು ಮಾತ್ರ ದೂರವಿಟ್ಟಿದ್ದೇನೆ.

ಮೊದಲ ತಿಂಗಳು ನಾನು ಮಾಡಿದ ತಪ್ಪೆಂದರೆ ಪ್ಯಾಕೆಟ್ಟಿನ ಮುಖವನ್ನು ನಂಬಿದ್ದು. ‘ಕರಿದದ್ದಲ್ಲ, ಬೇಯಿಸಿದ್ದು’ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದಿದ್ದರೆ ಎಣ್ಣೆಯಿಲ್ಲವೆಂದೇ ತಿಳಿದುಕೊಳ್ಳುತ್ತಿದ್ದೆ. ಬೇಕ್ ಮಾಡಿದ ಬಿಸ್ಕತ್ತಿನ ಹಿಟ್ಟಿನಲ್ಲಿಯೇ ಎಣ್ಣೆ ಕಲಸಿರುತ್ತದೆ ಎಂಬ ಸರಳ ಸಂಗತಿ ಆಗ ಹೊಳೆಯಲಿಲ್ಲ. ಉಬ್ಬಿಸಿದ ತಿಂಡಿಗಳ ಕಥೆ ಇನ್ನೂ ಸ್ವಾರಸ್ಯಕರವಾದದ್ದು. ಧಾನ್ಯದ ಹಿಟ್ಟನ್ನು ಯಂತ್ರದಲ್ಲಿ ಒತ್ತಡ ಮತ್ತು ಶಾಖಕ್ಕೆ ಗುರಿಪಡಿಸಿ ಸಣ್ಣ ರಂಧ್ರದ ಮೂಲಕ ಹೊರಕ್ಕೆ ತಳ್ಳಿದಾಗ, ಒಳಗಿನ ನೀರು ಥಟ್ಟನೆ ಹಬೆಯಾಗಿ ಅದು ತಾನಾಗಿಯೇ ಉಬ್ಬುತ್ತದೆ. ಆ ಹಂತದವರೆಗೆ ಎಣ್ಣೆಯ ಅಗತ್ಯವೇ ಇಲ್ಲ. ಅನಂತರ ಅದನ್ನು ತಿರುಗುವ ದೊಡ್ಡ ಪೀಪಾಯಿಯಲ್ಲಿ ಹಾಕಿ ಎಣ್ಣೆಯನ್ನು ಸಿಂಪಡಿಸಿ ಮಸಾಲೆ ಪುಡಿಯನ್ನು ಉದುರಿಸುತ್ತಾರೆ, ಏಕೆಂದರೆ ಒಣಗಿದ ಮೇಲ್ಮೈಗೆ ಪುಡಿ ಅಂಟುವುದಿಲ್ಲ. ಅಂದರೆ ಬಹುತೇಕ ಕುರುಕಲುಗಳಲ್ಲಿ ಎಣ್ಣೆ ಅಂಟಿನ ಕೆಲಸವನ್ನೂ ಮಾಡುತ್ತಿರುತ್ತದೆ. ಇದು ತಿಳಿದ ಮೇಲೆ ನನ್ನ ಹುಡುಕಾಟದ ಅರ್ಧ ಭಾಗ ಮುಗಿದಂತಾಯಿತು: ಮೇಲೆ ಮಸಾಲೆ ಕಾಣುವ ಗರಿಗರಿ ತಿಂಡಿ ಯಾವುದೇ ಇರಲಿ, ಅದರಲ್ಲಿ ಎಣ್ಣೆಯಿದೆಯೆಂದೇ ಭಾವಿಸಿ ಪಟ್ಟಿ ಓದಲು ತೊಡಗುತ್ತೇನೆ.

ಎರಡನೆಯ ಪಾಠವನ್ನು ಕಲಿಸಿದ್ದು ಸೇಬಿನ ಚಿಪ್ಸ್. ಚಿತ್ರದಲ್ಲಿ ಸೇಬು, ಬಣ್ಣ ಹಸಿರು, ಮುಖದ ಮೇಲೆ ‘ವ್ಯಾಕ್ಯೂಮ್’ ಎಂಬ ಪದ. ಹಣ್ಣನ್ನು ನಿರ್ವಾತದಲ್ಲಿ ಒಣಗಿಸಿರಬೇಕೆಂದುಕೊಂಡು ಸುಮಾರು ಮೂರು ತಿಂಗಳು ನೆಮ್ಮದಿಯಿಂದ ತಿಂದೆ. ಒಂದು ದಿನ ಖಾಲಿ ಪ್ಯಾಕೆಟ್ಟನ್ನು ಮಡಚುವಾಗ ಬೆರಳು ಜಿಡ್ಡಾಯಿತು. ಆಗ ಹಿಂಬದಿಯನ್ನು ಓದಿದರೆ ನೂರು ಗ್ರಾಂಗೆ ಇಪ್ಪತ್ತು ಗ್ರಾಂಗಿಂತ ಹೆಚ್ಚು ಕೊಬ್ಬು. ಅದು ಒಣಗಿಸಿದ ಹಣ್ಣಾಗಿರಲಿಲ್ಲ, ಕಡಿಮೆ ಒತ್ತಡದಲ್ಲಿ, ಮಾಮೂಲಿಗಿಂತ ಕಡಿಮೆ ಉಷ್ಣತೆಯಲ್ಲಿ ಎಣ್ಣೆಯಲ್ಲಿ ಕರಿದ ಹಣ್ಣಾಗಿತ್ತು. ಹೆಪ್ಪುಗಟ್ಟಿಸಿ ಒಣಗಿಸುವ ಫ್ರೀಜ್ ಡ್ರೈಯಿಂಗ್ ವಿಧಾನದಲ್ಲಿಯೂ ನಿರ್ವಾತವೇ ಬಳಕೆಯಾಗುತ್ತದೆ, ಆದರೆ ಅಲ್ಲಿ ಮಂಜುಗಡ್ಡೆ ನೀರಾಗದೆ ನೇರವಾಗಿ ಆವಿಯಾಗಿ ಹೋಗುತ್ತದೆ, ಎಣ್ಣೆ ಬೇಕಾಗುವುದಿಲ್ಲ. ಎರಡೂ ಗರಿಗರಿಯಾಗಿರುತ್ತವೆ, ಎರಡರ ಹೆಸರಿನಲ್ಲಿಯೂ ನಿರ್ವಾತದ ಮಾತು ಬರಬಹುದು. ತಯಾರಕರು ಸುಳ್ಳು ಹೇಳಿರಲಿಲ್ಲ, ಪಟ್ಟಿಯಲ್ಲಿ ಎಣ್ಣೆ ಇದ್ದೇ ಇತ್ತು. ಓದದೆ ಇದ್ದವನು ನಾನು.

ಆ ಬೆರಳ ಜಿಡ್ಡಿನಿಂದ ಹುಟ್ಟಿದ ಲೆಕ್ಕವನ್ನೇ ಈಗಲೂ ಬಳಸುತ್ತಿದ್ದೇನೆ. ಯಾವ ಕಾಳಿನಲ್ಲಿ ಸ್ವಭಾವತಃ ಎಷ್ಟು ಕೊಬ್ಬಿದೆ ಎಂಬುದು ಸ್ಥೂಲವಾಗಿ ನೆನಪಿದ್ದರೆ, ಪ್ಯಾಕೆಟ್ಟಿನ ಅಂಕಿಯನ್ನು ಅದರೊಂದಿಗೆ ಹೋಲಿಸಿ ನೋಡಬಹುದು. ನೂರು ಗ್ರಾಂ ಬಿಳಿ ಅಕ್ಕಿಯಲ್ಲಿ ಒಂದು ಗ್ರಾಂಗಿಂತ ಕಡಿಮೆ, ಕಂದು ಅಕ್ಕಿಯಲ್ಲಿ ಸುಮಾರು 3, ಮೆಕ್ಕೆಜೋಳದಲ್ಲಿ 4ರಿಂದ 5, ಒಣ ಕಡಲೆಯಲ್ಲಿ 6ರ ಆಸುಪಾಸು, ಓಟ್ಸ್‌ನಲ್ಲಿ 7, ಸೋಯಾದಲ್ಲಿ 20, ಬಾದಾಮಿಯಲ್ಲಿ 50. ಹುರಿದ ಕಡಲೆಯ ಎರಡು ಪ್ಯಾಕೆಟ್ಟುಗಳನ್ನು ಅಕ್ಕಪಕ್ಕದಲ್ಲಿ ಹಿಡಿದಾಗ ಒಂದರಲ್ಲಿ 6 ಎಂದೂ ಇನ್ನೊಂದರಲ್ಲಿ 13 ಎಂದೂ ಇದ್ದರೆ, ಹೆಚ್ಚಿನ ಏಳು ಗ್ರಾಂ ಎಲ್ಲಿಂದ ಬಂತು ಎಂದು ಯಾರನ್ನೂ ಕೇಳಬೇಕಾಗಿಲ್ಲ. ಬಾದಾಮಿ, ಗೋಡಂಬಿಗಳ ವಿಷಯದಲ್ಲಿ ಮಾತ್ರ ಈ ಲೆಕ್ಕ ಕೈಕೊಡುತ್ತದೆ; ಐವತ್ತು ಗ್ರಾಂ ಕೊಬ್ಬಿರುವಲ್ಲಿ ಹುರಿಯುವಾಗ ಸೇರಿದ ಎರಡು ಮೂರು ಗ್ರಾಂ ಎಣ್ಣೆ ಅಂಕಿಯಲ್ಲಿ ಕಾಣಿಸುವುದೇ ಇಲ್ಲ. ಅಲ್ಲಿ ಪದಾರ್ಥಗಳ ಪಟ್ಟಿಯೇ ಆಧಾರ.

ಪಟ್ಟಿಯನ್ನು ಓದುವಾಗ ನನಗೆ ನೆರವಾದದ್ದು ಉಪ್ಪು. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯುವುದು ಹೆಚ್ಚಿನ ಕಡೆಗಳಲ್ಲಿರುವ ನಿಯಮ. ಪೋಷಕಾಂಶಗಳ ಕೋಷ್ಟಕದಲ್ಲಿರುವ ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಪ್ರಮಾಣ ಸಿಗುತ್ತದೆ. ನೂರು ಗ್ರಾಂಗೆ 400 ಮಿಲಿಗ್ರಾಂ ಸೋಡಿಯಂ ಇದ್ದರೆ ಉಪ್ಪು ಒಂದು ಗ್ರಾಂಗಿಂತ ಹೆಚ್ಚಿರಲು ಸಾಧ್ಯವಿಲ್ಲ. ಪಟ್ಟಿಯಲ್ಲಿ ಎಣ್ಣೆ ಉಪ್ಪಿನ ನಂತರ ಬಂದಿದ್ದರೆ ಎಣ್ಣೆಯೂ ಒಂದು ಗ್ರಾಂಗಿಂತ ಹೆಚ್ಚಿಲ್ಲ, ಮೊದಲು ಬಂದಿದ್ದರೆ ಪ್ಯಾಕೆಟ್ಟನ್ನು ಮರಳಿ ಕಪಾಟಿನಲ್ಲಿಡುತ್ತೇನೆ. ಒಂದು ತೊಟ್ಟು ಎಣ್ಣೆಯೂ ಬೇಡವೆನ್ನುವವರಿಗೆ ಈ ಲೆಕ್ಕ ಬೇಕಾಗಿಲ್ಲ, ಆದರೆ ಪ್ರಯಾಣದಲ್ಲಿ ಬೇರೇನೂ ಸಿಗದಿದ್ದಾಗ ನನಗೆ ಇದು ಎಷ್ಟೋ ಸಲ ಉಪಯೋಗಕ್ಕೆ ಬಂದಿದೆ.

ಎಣ್ಣೆಗೆ ಅನೇಕ ವೇಷಗಳಿವೆ. ಶಾರ್ಟನಿಂಗ್, ಮಾರ್ಗರಿನ್, ಖಾದ್ಯ ಸಸ್ಯ ಕೊಬ್ಬು, ಪಾಮೋಲಿನ್, ಹೈಡ್ರೋಜನೀಕರಿಸಿದ ಕೊಬ್ಬು, ತೆಂಗಿನ ಹಾಲಿನ ಪುಡಿ ಇವೆಲ್ಲ ನನ್ನ ಲೆಕ್ಕದಲ್ಲಿ ಎಣ್ಣೆಯೇ. ಇ471 ಎಂಬ ಸಂಖ್ಯೆಯಲ್ಲಿ ಬರುವ ಮೊನೊ ಮತ್ತು ಡೈಗ್ಲಿಸರೈಡುಗಳೂ ಕೊಬ್ಬಿನಿಂದಲೇ ತಯಾರಾಗುವಂಥವು, ಅವುಗಳ ಮೂಲ ಸಸ್ಯವೂ ಆಗಿರಬಹುದು, ಪ್ರಾಣಿಯೂ ಆಗಿರಬಹುದು, ಆದ್ದರಿಂದ ಅವು ಎರಡು ಕಾರಣಗಳಿಗಾಗಿ ಬೇಡ. ಎಣ್ಣೆ ಮತ್ತು ನೀರು ಬೇರೆಯಾಗದಿರಲೆಂದು ಹಾಕುವ ಸೋಯಾ ಲೆಸಿಥಿನ್ ಅತ್ಯಲ್ಪ ಪ್ರಮಾಣದಲ್ಲಿರುವುದರಿಂದ ಅದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಷ್ಟು ಕಟ್ಟುನಿಟ್ಟಾದರೆ ಹುಚ್ಚು ಹಿಡಿಯುತ್ತದೆ. ‘ಕೊಬ್ಬು 0 ಗ್ರಾಂ’ ಎಂಬ ಸಾಲನ್ನೂ ಅನುಮಾನದಿಂದಲೇ ನೋಡಬೇಕು. ಒಂದು ಸಲದ ಬಡಿಸುವಿಕೆಯಲ್ಲಿ ಅರ್ಧ ಗ್ರಾಂಗಿಂತ ಕಡಿಮೆ ಕೊಬ್ಬಿದ್ದರೆ ಸೊನ್ನೆಯೆಂದು ಬರೆಯಲು ಕೆಲವು ದೇಶಗಳ ನಿಯಮಗಳು ಅವಕಾಶ ಕೊಡುತ್ತವೆ, ಮತ್ತು ಆ ಒಂದು ಸಲವೆಂದರೆ ಎಷ್ಟು ಎಂಬುದು ಹಲವು ಬಾರಿ ಮೂರು ಬೆರಳ ಚಿಟಿಕೆಯಷ್ಟೇ ಆಗಿರುತ್ತದೆ. ನೂರು ಗ್ರಾಂನ ಅಂಕಿ ಸಿಕ್ಕರೆ ಅದನ್ನೇ ನಂಬುತ್ತೇನೆ.

ಎಣ್ಣೆ ಇಲ್ಲವೆಂದು ಖಚಿತವಾದ ಮೇಲೂ ಇನ್ನೊಂದು ಬಾಗಿಲು ದಾಟಬೇಕು. ಎಣ್ಣೆಯನ್ನು ತೆಗೆದ ತಿಂಡಿಗೆ ರುಚಿ ತುಂಬಲು ಹಾಲಿನ ಪುಡಿ, ಹಾಲೊಡಕಿನ ಪುಡಿ, ಚೀಸ್ ಪುಡಿಗಳನ್ನು ಸೇರಿಸುವುದು ಸಾಮಾನ್ಯ. ಟೊಮೆಟೊ, ಈರುಳ್ಳಿ ಎಂದು ಮುಖದ ಮೇಲಿದ್ದರೂ ಮಸಾಲೆಯ ಕಂಸದೊಳಗೆ ಹಾಲಿನ ಘನಾಂಶ ಅಡಗಿರುತ್ತದೆ. ‘ಹಾಲಿನ ಅಂಶ ಇರಬಹುದು’ ಎಂಬ ಎಚ್ಚರಿಕೆಯ ಸಾಲು ಬೇರೆ ಸಂಗತಿ. ಅದು ಅದೇ ಕಾರ್ಖಾನೆಯಲ್ಲಿ ಹಾಲು ಬಳಕೆಯಾಗುತ್ತದೆಂದು ಅಲರ್ಜಿ ಇರುವವರಿಗೆ ಹೇಳುವ ಮಾತು. ಮೊದಮೊದಲು ಇದನ್ನು ನೋಡಿ ಒಳ್ಳೆಯ ಪ್ಯಾಕೆಟ್ಟುಗಳನ್ನೂ ಬಿಟ್ಟುಬಂದಿದ್ದೇನೆ.

ಹಾಗಾದರೆ ಕೊನೆಗೆ ಸಿಕ್ಕಿದ್ದೇನು ಎಂದರೆ, ಸಿಕ್ಕಿದ್ದರಲ್ಲಿ ಹೆಚ್ಚಿನವು ಕುರುಕಲು ತಿಂಡಿಗಳ ಸಾಲಿನಲ್ಲಿ ಇರಲೇ ಇಲ್ಲ. ಉಪ್ಪು ಮಾತ್ರ ಹಾಕಿದ ಉಬ್ಬಿದ ಅಕ್ಕಿಯ ಬಿಲ್ಲೆಗಳು ಬ್ರೆಡ್ಡಿನ ಬಳಿ ಸಿಕ್ಕವು. ರೈ (ಗೋಧಿಯಂಥ ಒಂದು ಧಾನ್ಯ) ಹಿಟ್ಟು, ನೀರು, ಉಪ್ಪು ಎಂಬ ಮೂರೇ ಪದಾರ್ಥಗಳ ಪಟ್ಟಿಯುಳ್ಳ ತೆಳ್ಳನೆಯ ಗರಿ ರೊಟ್ಟಿಯೂ ಅಲ್ಲಿಯೇ ಇತ್ತು, ಅದು ಈಗ ನನ್ನ ಚೀಲದ ಕಾಯಂ ಸದಸ್ಯ. ಪಾಪ್‌ಕಾರ್ನ್‌ನ ಒಣ ಕಾಳನ್ನು ಧಾನ್ಯಗಳ ಸಾಲಿನಿಂದ ತರುತ್ತೇನೆ. ಮೈಕ್ರೋವೇವ್‌ಗೆಂದು ಮಾರುವ ಚೀಲಗಳಲ್ಲಿ ಸಾಮಾನ್ಯವಾಗಿ ಎಣ್ಣೆ ಮೊದಲೇ ಸೇರಿರುತ್ತದೆ. ಕಡಲಕಳೆಯ ತಿಂಡಿ ಹಾಳೆಗಳಿಗೆ ಎಣ್ಣೆ ಸವರಿರುವುದೇ ಹೆಚ್ಚು, ಆದರೆ ಅಡುಗೆಗೆಂದು ಮಾರುವ ದೊಡ್ಡ ಹಾಳೆಗಳಲ್ಲಿ ಕಡಲಕಳೆಯ ಹೊರತು ಬೇರೇನೂ ಇರುವುದಿಲ್ಲ. ಅವನ್ನು ಕತ್ತರಿಯಿಂದ ಕತ್ತರಿಸಿಕೊಂಡರಾಯಿತು. ಒಣಹಣ್ಣುಗಳಲ್ಲಿಯೂ ನನಗೆ ಅಚ್ಚರಿ ಕಾದಿತ್ತು: ಒಣದ್ರಾಕ್ಷಿ ಒಂದಕ್ಕೊಂದು ಅಂಟದಿರಲೆಂದು ಕೆಲವರು ಎಣ್ಣೆ ಸವರುತ್ತಾರೆ, ಒಣ ಕ್ರ್ಯಾನ್‌ಬೆರಿಯಲ್ಲಿ ಸಕ್ಕರೆಯ ಜೊತೆ ಸೂರ್ಯಕಾಂತಿ ಎಣ್ಣೆ ಬಹುತೇಕ ಇದ್ದೇ ಇರುತ್ತದೆ. ಖರ್ಜೂರ ಮತ್ತು ಬೀಜಗಳನ್ನು ಒತ್ತಿ ಮಾಡಿದ ಬಾರ್‌ಗಳಲ್ಲಿ ಕೆಲವು ನನ್ನ ಪರೀಕ್ಷೆಯಲ್ಲಿ ಉಳಿದವು, ಗ್ರಾನೋಲಾ ಬಾರ್‌ಗಳಲ್ಲಿ ಒಂದೂ ಉಳಿಯಲಿಲ್ಲ.

ಪಟ್ಟಿಯಲ್ಲಿ ಬಾರದ ಎಣ್ಣೆಯೂ ಇರುತ್ತದೆ. ಬೇಯಿಸುವ ತಟ್ಟೆಗೆ ತಿಂಡಿ ಹಿಡಿಯದಿರಲೆಂದು ಸವರುವ ಪದಾರ್ಥವನ್ನು ತಯಾರಿಕೆಯ ಸಹಾಯಕವೆಂದು ಪರಿಗಣಿಸುವುದರಿಂದ ಅದನ್ನು ನಮೂದಿಸಬೇಕಾದ ಕಡ್ಡಾಯ ಹಲವೆಡೆ ಇಲ್ಲ. ಗರಿ ರೊಟ್ಟಿಯ ತಯಾರಕರಿಗೆ ಈ ಬಗ್ಗೆ ಪತ್ರ ಬರೆದು ಕೇಳಿದೆ. ತಟ್ಟೆಗೆ ಹಿಟ್ಟು ಉದುರಿಸುತ್ತೇವೆ, ಎಣ್ಣೆ ಸವರುವುದಿಲ್ಲ ಎಂದು ಎರಡು ವಾರಗಳ ಬಳಿಕ ಚುಟುಕಾದ ಉತ್ತರ ಬಂತು. ಅಕ್ಕಿ ಬಿಲ್ಲೆಯ ತಯಾರಕರಿಗೂ ಬರೆದಿದ್ದೆ, ಅವರು ಉತ್ತರಿಸಲಿಲ್ಲ. ಅವರ ಬಿಲ್ಲೆಯ ಕೊಬ್ಬಿನ ಅಂಕಿ ಅಕ್ಕಿಯ ಅಂಕಿಗೆ ಸರಿಹೊಂದುವುದರಿಂದ ಅದನ್ನು ತಿನ್ನುತ್ತಲೇ ಇದ್ದೇನೆ.

ಎಣ್ಣೆಯಿಲ್ಲದ ತಿಂಡಿ ಕಮಟು ವಾಸನೆಗೆ ತಿರುಗುವುದು ಕಡಿಮೆ, ಆದರೆ ಗಾಳಿಯ ತೇವಕ್ಕೆ ಬೇಗನೆ ಮೆತ್ತಗಾಗುತ್ತದೆ. ಪ್ಯಾಕೆಟ್ಟು ಒಡೆದ ದಿನವೇ ಗಾಳಿಯಾಡದ ಡಬ್ಬಿಗೆ ಸುರಿಯುತ್ತೇನೆ, ಮೆತ್ತಗಾದದ್ದನ್ನು ಒಲೆಯ ಹದವಾದ ಶಾಖದಲ್ಲಿ ಐದಾರು ನಿಮಿಷ ಇಟ್ಟು ತಣಿಸಿದರೆ ಗರಿತನ ಮರಳುತ್ತದೆ. ಇನ್ನು ಸಪ್ಪೆ ಬಿಲ್ಲೆಗೆ ಖಾರ ಹಿಡಿಸುವ ಪ್ರಶ್ನೆ. ನೀರಿಗೆ ಸ್ವಲ್ಪ ವಿನೆಗರ್ ಬೆರೆಸಿ ಮಂಜಿನಂತೆ ಸಣ್ಣಗೆ ಸಿಂಪಡಿಸಿ, ತಕ್ಷಣ ಪುಡಿ ಉದುರಿಸಿ, ಮತ್ತೆ ಅದೇ ಶಾಖದಲ್ಲಿ ಒಣಗಿಸುತ್ತೇನೆ. ಹನಿ ದಪ್ಪವಾದರೆ ಬಿಲ್ಲೆ ಕುಗ್ಗಿ ರಬ್ಬರಿನಂತಾಗುತ್ತದೆ. ಪಾಪ್‌ಕಾರ್ನ್ ಅಂತೂ ಮುದುಡಿಯೇ ಹೋಗುತ್ತದೆ, ಅದರ ಮೇಲೆ ಈ ಉಪಾಯ ಇನ್ನೂ ನನಗೆ ಸಾಧ್ಯವಾಗಿಲ್ಲ.