ಮೂರು ಕಂಪನಿಯ ಎಕ್ಸ್‌ಕವೇಟರ್‌ಗಳಿಗೆ ಒಂದೇ ಕಪಾಟಿನ ಎಂಜಿನ್ ಸಾಮಾನು: ನನ್ನ ಅನುಭವ

ಎಕ್ಸ್‌ಕವೇಟರ್ ಬಾಡಿಗೆಗೆ ಬಿಡುವವರು ಒಂದೇ ಕಂಪನಿಯ ಮಷಿನ್‌ಗಳನ್ನು ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಬಿಡಿಭಾಗಗಳ ಖರ್ಚಿನಲ್ಲಿಯೇ ಮುಳುಗಬೇಕಾಗುತ್ತದೆ ಎಂಬುದು ನಮ್ಮ ಧಂದೆಯಲ್ಲಿ ಎಲ್ಲರೂ ಹೇಳುವ ಮಾತು. ನಾನು ಹುಬ್ಬಳ್ಳಿಯಲ್ಲಿ ಟಾಟಾ ಹಿಟಾಚಿಗೆ ಟೆಲ್ಕಾನ್ ಎಂಬ ಹೆಸರಿದ್ದ ಕಾಲದ ಇಎಕ್ಸ್ 200, ಕೊಮಾತ್ಸುವಿನ ಪಿಸಿ 200 ಮತ್ತು ಹ್ಯುಂಡೈನ ಆರ್ 210, ಈ ಮೂರನ್ನೂ ಒಟ್ಟಿಗೆ ನಡೆಸುತ್ತಿದ್ದೇನೆ. ಮೂರೂ ಎಂಜಿನ್‌ಗಳಿಗೆ ಒಂದೇ ಕಪಾಟಿನಿಂದ ಸಾಮಾನು ತೆಗೆದು ಹಾಕುತ್ತೇನೆ, ಮೂರೂ ಇಂದಿಗೂ ಬಾಡಿಗೆ ದುಡಿಯುತ್ತಿವೆ. ಇದು ಆಗದ ಮಾತು ಎಂದಿದ್ದವರೇ ಈಗ ಸಾಮಾನಿನ ನಂಬರು ಕೇಳಿ ಫೋನ್ ಮಾಡುತ್ತಿರುವುದರಿಂದ, ಒಬ್ಬೊಬ್ಬರಿಗೆ ಹೇಳುವ ಬದಲು ಇಲ್ಲಿ ಬರೆದಿಡುತ್ತಿದ್ದೇನೆ.

ಇದೆಲ್ಲ ಶುರುವಾದದ್ದು ಪಿಸಿ 200ರಿಂದ. ನವಲಗುಂದದ ಕಡೆ ಕಾಲುವೆಯ ಹೂಳು ತೆಗೆಯುವ ಕೆಲಸದಲ್ಲಿದ್ದಾಗ ಅದರ ಗಂಟೆ ಮೀಟರ್ ಹನ್ನೆರಡು ಸಾವಿರ ದಾಟಿತ್ತು. ಅಷ್ಟು ದುಡಿದ ಎಂಜಿನ್ ಸವೆಯುವುದು ಸಹಜವೇ. ಎಲ್ಲವನ್ನೂ ಹೊಸ ಅಸಲಿ ಸಾಮಾನಿನಲ್ಲಿ ಕಟ್ಟಿಸಿದರೆ ಆರು ಲಕ್ಷದ ಆಸುಪಾಸು ಆಗುತ್ತದೆ ಎಂಬ ಅಂದಾಜು ಬಂದಿತು, ಮಷಿನ್ ಕೊಂಡದ್ದೇ ಹದಿನಾಲ್ಕು ಲಕ್ಷಕ್ಕೆ. ಆಗ ನಾನು ಎಂಜಿನ್ನಿನ ಹೆಸರನ್ನು ಗಮನವಿಟ್ಟು ನೋಡಿದೆ. 6ಡಿ102 ಎಂದರೆ ಆರು ಸಿಲಿಂಡರ್, 102 ಮಿ.ಮೀ. ಬೋರ್, ಅಂದರೆ ಸಿಲಿಂಡರಿನ ಒಳ ಅಗಲ. ಸ್ಟ್ರೋಕ್, ಅಂದರೆ ಪಿಸ್ಟನ್ ಚಲಿಸುವ ದೂರ, 120 ಮಿ.ಮೀ. ಲೆಕ್ಕ ಹಾಕಿದರೆ 5.9 ಲೀಟರ್ ಆಗುತ್ತದೆ. ಇದು ಕಮಿನ್ಸ್ ಕಂಪನಿಯ ಬಿ ಸರಣಿಯ 5.9 ಲೀಟರ್ ಎಂಜಿನ್ನೇ. ಕೊಮಾತ್ಸು ಮತ್ತು ಕಮಿನ್ಸ್ ಸೇರಿ 1993ರಲ್ಲಿ ಜಪಾನಿನಲ್ಲಿ ಜಂಟಿ ಕಂಪನಿ ಮಾಡಿಕೊಂಡಿವೆ. ನನ್ನ ಆರ್ 210ರಲ್ಲಿ ಇದ್ದದ್ದು ನೇರವಾಗಿ ಕಮಿನ್ಸ್ ಹೆಸರಿನದೇ. ಇಎಕ್ಸ್ 200ರಲ್ಲಿ ಇದ್ದದ್ದು ಜಮ್‌ಶೆಡ್‌ಪುರದ ಟಾಟಾ ಕಮಿನ್ಸ್ ಎಂಜಿನ್, ಅದೇ ಕುಟುಂಬದ ಎಂಜಿನ್ ಟಾಟಾ ಲಾರಿಗಳಲ್ಲೂ ಓಡಾಡಿದೆ. ಲಾರಿಗೆ ಸಿಗುವ ಸಾಮಾನು ಹುಬ್ಬಳ್ಳಿಯಲ್ಲಿ ಬೆಳಿಗ್ಗೆ ಕೇಳಿದರೆ ಮಧ್ಯಾಹ್ನಕ್ಕೆ ಕೈಗೆ ಬರುತ್ತದೆ.

ಜಗತ್ತಿನ ದೊಡ್ಡ ನಿರ್ಮಾಣ ಯಂತ್ರ ಕಂಪನಿಗಳ ಪಟ್ಟಿಯಲ್ಲಿ ಕ್ಯಾಟರ್‌ಪಿಲ್ಲರ್ ಮೊದಲನೆಯದು, ಕೊಮಾತ್ಸು ಎರಡನೆಯದು ಎಂಬುದು ವರ್ಷವರ್ಷವೂ ಬರುವ ಸುದ್ದಿ. ಆ ಪಟ್ಟಿಯಿಂದ ನಮಗೆ ಆಗುವ ಉಪಯೋಗ ಕಡಿಮೆ, ಯಾವ ಕಂಪನಿ ಯಾರ ಎಂಜಿನ್ ಹಾಕಿದೆ ಮತ್ತು ಯಾರ ಪಂಪ್ ಹಾಕಿದೆ ಎಂಬ ತಿಳಿವಳಿಕೆಯಿಂದ ಆಗುವ ಉಪಯೋಗವೇ ಹೆಚ್ಚು. ಕ್ಯಾಟರ್‌ಪಿಲ್ಲರ್ 320ಸಿಯಲ್ಲಿರುವ 3066 ಎಂಜಿನ್ ಮಿತ್ಸುಬಿಷಿಯ ಎಸ್6ಕೆ ಎಂಜಿನ್ನೇ, ಆ ಎರಡು ಕಂಪನಿಗಳ ಜಪಾನಿನ ಪಾಲುದಾರಿಕೆ 1963ರಲ್ಲಿಯೇ ಶುರುವಾಗಿತ್ತು. ಕೊಬೆಲ್ಕೊದ ಎಸ್‌ಕೆ 200-8ರಲ್ಲಿ ಹಿನೊ ಎಂಜಿನ್ ಇದೆ. ಹಿಟಾಚಿಯ ಝಾಕ್ಸಿಸ್‌ಗೆ ಇಸುಜು ಎಂಜಿನ್ ಬರುತ್ತದೆ. ಜೆಸಿಬಿ 2004ರಿಂದ ತನ್ನದೇ ಎಂಜಿನ್ ತಯಾರಿಸುತ್ತಿದ್ದರೂ ಅದರ ಇಪ್ಪತ್ತು ಟನ್ ದರ್ಜೆಯ ಎಕ್ಸ್‌ಕವೇಟರ್‌ಗಳಲ್ಲಿ ಇಸುಜು ಎಂಜಿನ್ ಇರುವವು ಬಹಳ. ವೋಲ್ವೊ 1998ರಲ್ಲಿ ಸ್ಯಾಮ್‌ಸಂಗ್‌ನ ನಿರ್ಮಾಣ ಯಂತ್ರಗಳ ವಿಭಾಗವನ್ನು ಕೊಂಡಿತು. ಹ್ಯುಂಡೈ 2021ರಲ್ಲಿ ಡೂಸಾನ್ ಇನ್ಫ್ರಾಕೋರ್ ಅನ್ನು ಕೊಂಡಿತು. ಆದ್ದರಿಂದ ಹಳೆಯ ಮಷಿನ್ ನೋಡಲು ಹೋದಾಗ ನಾನು ಬೂಮ್ ಮೇಲಿನ ಹೆಸರಿಗಿಂತ ಮೊದಲು ಗೇರ್ ಹೌಸಿಂಗ್ ಬದಿಯ ತಗಡಿನ ಫಲಕವನ್ನು ಒರೆಸಿ ಓದುತ್ತೇನೆ. ಕಮಿನ್ಸ್ ಆಗಿದ್ದರೆ ಅದರಲ್ಲಿ ಸಿಪಿಎಲ್ ನಂಬರು (ಆ ಎಂಜಿನ್‌ಗೆ ಹಾಕಿದ ಮುಖ್ಯ ಸಾಮಾನಿನ ಪಟ್ಟಿಯ ನಂಬರು) ಇರುತ್ತದೆ, ಪಿಸ್ಟನ್ ಯಾವುದು ಎಂಬುದನ್ನು ಹೇಳುವುದು ಆ ನಂಬರೇ.

ಯಾವುದು ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎಂಬುದನ್ನು ತಿಳಿಯಲು ಹಣ ಖರ್ಚಾಯಿತು. ಮೇನ್ ಬೇರಿಂಗ್, ಬಿಗ್‌ಎಂಡ್ ಬೇರಿಂಗ್, ಹೆಡ್ ಗ್ಯಾಸ್ಕೆಟ್, ವಾಲ್ವ್ ಗೈಡ್, ಆಯಿಲ್ ಪಂಪ್, ವಾಟರ್ ಪಂಪ್ ಇವು ನನ್ನ ಮೂರಕ್ಕೂ ಹೊಂದಿದವು. ಆಯಿಲ್ ಪ್ಯಾನ್, ಫ್ಲೈವೀಲ್ ಹೌಸಿಂಗ್, ಮ್ಯಾನಿಫೋಲ್ಡ್, ಫ್ಯಾನ್ ಬ್ರಾಕೆಟ್ ಇವು ಮಷಿನ್‌ಗೆ ಮಷಿನ್ ಬೇರೆ. ಪಿಸ್ಟನ್ ವಿಷಯದಲ್ಲಿ 102 ಎಂದು ಅಳತೆ ನೋಡಿ ಕೊಳ್ಳಬಾರದು, ತಲೆಯ ಮೇಲಿನ ಬಟ್ಟಲಿನ ಆಕಾರ ಹಾರ್ಸ್‌ಪವರ್‌ಗೆ ತಕ್ಕಂತೆ ಬದಲಾಗಬಹುದು. ಹಳೆಯದನ್ನು ಪಕ್ಕದಲ್ಲಿಟ್ಟು ಹೋಲಿಸಿಯೇ ಹಣ ಕೊಡಬೇಕು. ಟೈಮಿಂಗ್ ಕವರ್ ಬಿಚ್ಚಿದಾಗ ಗೇರ್ ಹೌಸಿಂಗ್‌ನ ಡೋವೆಲ್ ಪಿನ್ (ಹೌಸಿಂಗನ್ನು ಸರಿಯಾದ ಜಾಗದಲ್ಲಿ ಕೂರಿಸುವ ಸಣ್ಣ ಕಡ್ಡಿ) ಹೊರಗೆ ಸರಿಯದಂತೆ ತಪ್ಪದೆ ತಡೆ ಹಾಕಿಸಿ. ಅದು ಜಾರಿ ಗೇರಿನ ನಡುವೆ ಬಿದ್ದರೆ ಮುಂದಿನ ಖರ್ಚನ್ನು ಹೇಳುವ ಅಗತ್ಯವಿಲ್ಲ.

ಮೊದಲನೆಯ ಎಂಜಿನ್ ಕಟ್ಟಿದ ಮೇಲೆ ಒಂದು ಪಾಳಿಗೆ ಲೀಟರ್‌ಗಿಂತ ಹೆಚ್ಚು ಆಯಿಲ್ ಕುಡಿಯತೊಡಗಿತು, ಹೊಗೆ ನೀಲಿ ಬಂದಿತು. “ಸಾವ್ಕಾರ್ರ, ಲಾರಿ ಸಾಮಾನ ಹಾಕಿದ್ರ ಹಿಂಗ ಆಗೂದ್ರಿ” ಎಂದು ನಮ್ಮ ಹಿರಿಯ ಮೆಕ್ಯಾನಿಕ್ ಸ್ಪಷ್ಟವಾಗಿ ಹೇಳಿದರು, ಅಂಗಳದಲ್ಲಿ ನೋಡಲು ಬಂದವರೂ ಅದನ್ನೇ ಹೇಳಿ ಹೋದರು. ನಾನು ಒಪ್ಪಲಿಲ್ಲ, ಹೆಡ್ ಬಿಚ್ಚಿಸಿದೆ. ಈ ಎಂಜಿನ್‌ಗೆ ಲೈನರ್ (ತೆಗೆದು ಬದಲಿಸುವ ಸಿಲಿಂಡರ್ ಕೊಳವೆ) ಇಲ್ಲ, ಬ್ಲಾಕಿನಲ್ಲಿಯೇ ಬೋರ್ ಇದೆ. ನಮ್ಮದು ಸವೆದಿದ್ದರಿಂದ ಅರ್ಧ ಮಿ.ಮೀ. ಓವರ್‌ಸೈಜ್ ಕೊರೆಸಿ ಪಿಸ್ಟನ್ ಹಾಕಿದ್ದೆವು. ಟಾರ್ಚ್ ಹಿಡಿದು ಒಳಗೆ ನೋಡಿದರೆ ಆರೂ ಬೋರ್‌ಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಹೋನಿಂಗ್, ಅಂದರೆ ಬೋರಿನ ಗೋಡೆಯನ್ನು ಕಲ್ಲಿನಿಂದ ಉಜ್ಜುವ ಕೆಲಸ, ಮಾಡಿದ್ದರೆ ಕಾಣಬೇಕಾಗಿದ್ದ ಅಡ್ಡಗೀರುಗಳು ಎಲ್ಲಿಯೂ ಇರಲಿಲ್ಲ, ಬೆರಳಿನ ಉಗುರು ಎಳೆದರೆ ಎಲ್ಲಿಯೂ ತಡೆಯುತ್ತಿರಲಿಲ್ಲ. ಆಯಿಲ್ ನಿಲ್ಲಲು ಜಾಗವೇ ಇಲ್ಲದ ಆ ಗೋಡೆಯ ಮೇಲೆ ರಿಂಗುಗಳು ಕೂರುವುದಾದರೂ ಹೇಗೆ? ದೋಷ ಇದ್ದದ್ದು ಲೇಥ್ ಕೆಲಸದಲ್ಲಿ, ಸಾಮಾನಿನಲ್ಲಿ ಅಲ್ಲ. ಬೇರೊಂದು ಕಡೆ ಹೋನಿಂಗ್ ಮಾಡಿಸಿ, ಹೊಸ ರಿಂಗ್ ಹಾಕಿ, ಎಂಜಿನ್ ಶುರುವಾದ ಕೂಡಲೇ ಐಡ್ಲ್‌ನಲ್ಲಿ ಗಂಟೆಗಟ್ಟಲೆ ಬಿಡದೆ ನೇರವಾಗಿ ಹೂಳಿನ ಕೆಲಸಕ್ಕೆ ಹಚ್ಚಿದೆವು. ಹೊಸ ರಿಂಗುಗಳು ಭಾರದ ಕೆಲಸದಲ್ಲಿಯೇ ಕೂರುತ್ತವೆ. ಎರಡನೆಯ ಸಲ ಬಿಚ್ಚಿದ್ದಕ್ಕೆ ಅರವತ್ತು-ಎಪ್ಪತ್ತು ಸಾವಿರ ಹೆಚ್ಚುವರಿ ಹೋಯಿತು. ಹೊಗೆ ನಿಂತಿತು.

ಅದಕ್ಕಿಂತ ಹೆಚ್ಚು ಕಾಡಿದ್ದು ಡೀಸೆಲ್ ಪಂಪ್. ಸೆಕೆಂಡ್ ಹ್ಯಾಂಡ್ ಲಾರಿಯ ಇಂಜೆಕ್ಷನ್ ಪಂಪ್ ಕಡಿಮೆ ದರಕ್ಕೆ ಸಿಕ್ಕಿತ್ತು, ಫ್ಲ್ಯಾಂಜ್ ಹೊಂದಿತು, ಟೈಮಿಂಗ್ ಹೊಂದಿತು, ಎಂಜಿನ್ ಮೊದಲ ಸ್ಟಾರ್ಟಿಗೇ ಎದ್ದಿತು. ಬಕೆಟ್ ಮಣ್ಣಿಗೆ ಇಳಿದ ಕೂಡಲೇ ವೇಗ ಕುಸಿಯಿತು, ಬಕೆಟ್ ಎತ್ತಿದರೆ ಒಮ್ಮೆಲೇ ಏರಿತು. ಪಂಪಿನಲ್ಲಿ ಡೀಸೆಲ್ ಹೆಚ್ಚು ಕಡಿಮೆ ಮಾಡಿ ಎಂಜಿನ್ ವೇಗ ಕಾಯುವ ಭಾಗವೇ ಗವರ್ನರ್. ಲಾರಿಯ ಗವರ್ನರ್ ಐಡ್ಲ್ ಮತ್ತು ಗರಿಷ್ಠ ವೇಗ ಇವೆರಡನ್ನು ಮಾತ್ರ ಕಾಯುತ್ತದೆ, ನಡುವಿನ ವೇಗವನ್ನು ಚಾಲಕನ ಕಾಲು ನೋಡಿಕೊಳ್ಳುತ್ತದೆ. ನಮ್ಮ ಆಪರೇಟರ್ ಥ್ರಾಟಲ್ ಒಂದು ಕಡೆ ನಿಲ್ಲಿಸಿ ಎರಡೂ ಕೈಗಳನ್ನು ಲಿವರ್ ಮೇಲೆ ಇಟ್ಟಿರುತ್ತಾನೆ, ಭಾರ ಹೆಚ್ಚಾದಾಗ ಡೀಸೆಲ್ ಹೆಚ್ಚಿಸುವ ಕೆಲಸವನ್ನು ಗವರ್ನರೇ ಮಾಡಬೇಕು. ಅದಕ್ಕೆ ಎಲ್ಲ ವೇಗದಲ್ಲಿಯೂ ಕೆಲಸ ಮಾಡುವ ಆರ್‌ಎಸ್‌ವಿ ಮಾದರಿಯ ಗವರ್ನರ್ ಬೇಕು. ಪಂಪ್ ದುರಸ್ತಿಯಲ್ಲಿ ಕೈ ಪಳಗಿದ ಒಬ್ಬರನ್ನು ಹಿಡಿದು ಲಾರಿಯ ಪಂಪಿಗೆ ಆ ಗವರ್ನರ್ ಕೂರಿಸಿ ಬೆಂಚಿನ ಮೇಲೆ ಕ್ಯಾಲಿಬ್ರೇಷನ್ ಮಾಡಿಸಿದೆ. ಸ್ಪ್ರಿಂಗ್ ಯಾವುದು, ಎಷ್ಟಕ್ಕೆ ಹೊಂದಿಸಿದ್ದೇವೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನಾಲ್ಕೈದು ಸಲ ಬೆಂಚಿಗೆ ಹಾಕಿ ಕಂಡುಕೊಂಡದ್ದು ಅದು. ಮೊದಲು ಗಂಟೆಗೆ ಹದಿನಾರು-ಹದಿನೇಳು ಲೀಟರ್ ಕುಡಿಯುತ್ತಿದ್ದ ಮಷಿನ್ ಅದೇ ಮಣ್ಣಿನಲ್ಲಿ ಹದಿಮೂರೂವರೆಯ ಆಸುಪಾಸಿಗೆ ಬಂದಿತು.

ಖರ್ಚಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಬೋರಿಂಗ್ ಹೋನಿಂಗ್‌ಗೆ ಇಪ್ಪತ್ತೆಂಟು ಸಾವಿರ, ಪಿಸ್ಟನ್ ರಿಂಗ್ ನಲವತ್ತೈದು, ಬೇರಿಂಗ್ ಮತ್ತು ಗ್ಯಾಸ್ಕೆಟ್ ಸೇರಿ ನಲವತ್ತು, ಹೆಡ್ ಕೆಲಸ ಇಪ್ಪತ್ತು, ಪಂಪ್ ಮತ್ತು ನಾಝಲ್ ಮೂವತ್ತೆಂಟು, ಕ್ರ್ಯಾಂಕ್ ಗ್ರೈಂಡಿಂಗ್ ಹನ್ನೆರಡು, ಟರ್ಬೊ ದುರಸ್ತಿ ಇಪ್ಪತ್ತು, ಕೂಲಿ ಮೂವತ್ತು. ಎರಡು ಲಕ್ಷ ಮೂವತ್ತು ಸಾವಿರದ ಸುತ್ತ ನಿಲ್ಲುತ್ತದೆ. ಡೀಸೆಲ್ ಗುತ್ತಿಗೆದಾರರದ್ದೇ ಆದರೆ ನಮ್ಮ ಕಡೆ ಗಂಟೆಗೆ ಸಾವಿರ ರೂಪಾಯಿಯ ಸುತ್ತ ಬಾಡಿಗೆ ಸಿಗುತ್ತದೆ, ಅಂದರೆ ಮಷಿನ್ ನಿಂತ ಪ್ರತಿ ದಿನಕ್ಕೆ ಎಂಟೊಂಬತ್ತು ಸಾವಿರದ ನಷ್ಟ, ಮೇಲೆ ಆಪರೇಟರ್ ಸಂಬಳ, ಬ್ಯಾಂಕಿನ ಕಂತು. ಸಾಮಾನಿನಲ್ಲಿ ಉಳಿದದ್ದಕ್ಕಿಂತ ದಿನಗಳಲ್ಲಿ ಉಳಿದದ್ದು ದೊಡ್ಡದು. ಈಗ ನನ್ನ ಬಳಿ ಪೂರ್ತಿ ಕಟ್ಟಿದ ಒಂದು ಬ್ಲಾಕ್ ಸದಾ ಸಿದ್ಧವಿರುತ್ತದೆ. ಮೂರರಲ್ಲಿ ಯಾವುದು ಕೆಟ್ಟು ನಿಂತರೂ ಆಯಿಲ್ ಪ್ಯಾನ್, ಹೌಸಿಂಗ್, ಬ್ರಾಕೆಟ್‌ಗಳನ್ನು ಬದಲಿಸಿ ಇಳಿಸಿಬಿಡುತ್ತೇವೆ, ಬಿಚ್ಚಿದ್ದನ್ನು ಬಿಡುವಿನಲ್ಲಿ ಕಟ್ಟುತ್ತೇವೆ. ಒಂದೇ ಕಂಪನಿಯ ಮೂರು ಮಷಿನ್ ಇಟ್ಟವರಲ್ಲಿ ಈ ಅನುಕೂಲ ಮಾಡಿಕೊಂಡವರನ್ನು ನಮ್ಮ ಮೂರು ಜಿಲ್ಲೆಗಳಲ್ಲಿ ನಾನು ಇನ್ನೂ ನೋಡಿಲ್ಲ.

ಆಯಿಲ್ ಒತ್ತಡದಿಂದ ಬೂಮ್, ಬಕೆಟ್ ನಡೆಸುವ ಹೈಡ್ರಾಲಿಕ್ಸ್‌ಗೆ ಈ ವಿಧಾನ ಹತ್ತುವುದಿಲ್ಲ. ಆರ್ 210ರಲ್ಲಿ ಕವಾಸಾಕಿಯ ಕೆ3ವಿ112 ಪಂಪ್ ಇದೆ, ಒಂದು ಸುತ್ತು ತಿರುಗಿದರೆ 112 ಸಿಸಿಯಂತೆ ಆಯಿಲ್ ಕೊಡುವ ಎರಡು ಪಂಪ್‌ಗಳ ಜೋಡಿ ಅದು. ಕೊಬೆಲ್ಕೊ, ವೋಲ್ವೊ ಇವುಗಳ ಹಲವು ಮಾದರಿಗಳಲ್ಲೂ ಅದೇ ಇರುವುದರಿಂದ ಸಾಮಾನು ಸಲೀಸಾಗಿ ಸಿಗುತ್ತದೆ. ಕೊಮಾತ್ಸು ಮತ್ತು ಹಿಟಾಚಿ ತಮ್ಮದೇ ಪಂಪ್ ಹಾಕುತ್ತವೆ. ಕವಾಸಾಕಿ ಪಂಪನ್ನು ಪಿಸಿ 200ಕ್ಕೆ ಹೊಂದಿಸಬಹುದೇ ಎಂದು ಒಂದು ಮಳೆಗಾಲ ಪೂರ್ತಿ ತಲೆ ಕೆಡಿಸಿಕೊಂಡೆ. ಅಡಾಪ್ಟರ್ ಮಾಡಿಸಬಹುದು, ಆದರೆ ಕೊಮಾತ್ಸುವಿನದು ಭಾರವನ್ನು ಅರಿತು ಆಯಿಲ್ ಕಳಿಸುವ ಕ್ಲೋಸ್ಡ್ ಸೆಂಟರ್ ವ್ಯವಸ್ಥೆ, ಹ್ಯುಂಡೈನದು ಕೆಲಸವಿಲ್ಲದಾಗಲೂ ಆಯಿಲ್ ವಾಲ್ವ್ ಮೂಲಕ ಹರಿದು ಟ್ಯಾಂಕಿಗೆ ಮರಳುವ ಓಪನ್ ಸೆಂಟರ್. ಮೇನ್ ವಾಲ್ವ್ ಸಮೇತ ಬದಲಿಸಬೇಕಾಗುತ್ತದೆ, ಆ ಖರ್ಚಿನಲ್ಲಿ ಅಸಲಿ ಪಂಪೇ ಬರುತ್ತದೆ. ಹೈಡ್ರಾಲಿಕ್ಸ್‌ನಲ್ಲಿ ಕಂಪನಿಯ ಹೆಸರಿಗೆ ಬೆಲೆ ಕೊಡಲೇಬೇಕು. ಟಾಟಾ ಹಿಟಾಚಿಯ ಕಾರ್ಖಾನೆ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿಯೇ ಇರುವುದರಿಂದ ಆ ಮಷಿನ್‌ಗಳ ಹೈಡ್ರಾಲಿಕ್ಸ್ ಬಲ್ಲ ಹುಡುಗರು ನಮ್ಮ ಸುತ್ತ ಹೆಚ್ಚು, ಹೊಸದಾಗಿ ಧಂದೆಗೆ ಇಳಿಯುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಟ್ರ್ಯಾಕ್ ಚೈನಿನಲ್ಲಿಯೂ ಹೀಗೆಯೇ ಆಯಿತು. ಪಿಸಿ 200 ಮತ್ತು ಆರ್ 210 ಎರಡರ ಪಿಚ್, ಅಂದರೆ ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗಿರುವ ಅಂತರ, 190 ಮಿ.ಮೀ. ಆದರೂ ರೋಲರ್‌ಗಳು ಅದಲುಬದಲಾಗುವುದಿಲ್ಲ. ಒಂದು ಪ್ರಯೋಗ ಮಾತ್ರ ಫಲ ಕೊಟ್ಟಿತು. ಅಣ್ಣಿಗೇರಿ, ರೋಣದ ಎರೆ ಭೂಮಿಯಲ್ಲಿ ಕೃಷಿ ಹೊಂಡ ತೆಗೆಯುವಾಗ ಜಿಗುಟು ಮಣ್ಣು ಸ್ಪ್ರಾಕೆಟ್‌ನಲ್ಲಿ ತುಂಬಿಕೊಂಡು ಚೈನ್ ತಾನಾಗಿಯೇ ಬಿಗಿಯುತ್ತದೆ, ಬುಷ್ ಬೇಗ ಸವೆಯುತ್ತದೆ. ಅಲ್ಲಿಗೆ ಹೋಗುವ ಮೊದಲು ಗ್ರೀಸ್ ಬಿಟ್ಟು ಚೈನ್ ಸಡಿಲಿಸಿ, ಕಪ್ಪತಗುಡ್ಡದ ಕಡೆಯ ಗಟ್ಟಿ ನೆಲಕ್ಕೆ ಬಂದಾಗ ಮತ್ತೆ ಬಿಗಿಸುತ್ತೇವೆ. ಬಕೆಟ್ ಹಲ್ಲುಗಳನ್ನು ಬೆಳಗಾವಿಯ ಫೌಂಡ್ರಿಯಲ್ಲಿ ಎರಕ ಹೊಯ್ಯಿಸಿಯೂ ನೋಡಿದೆ. ದರ ಅರ್ಧಕ್ಕಿಂತ ಕಡಿಮೆ, ಗರಸಿನಲ್ಲಿ ಬಾಳಿಕೆ ಮೂರರಲ್ಲಿ ಎರಡು ಪಾಲು, ಎರೆಮಣ್ಣಿನಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಈಗ ಹೊಲದ ಕೆಲಸಕ್ಕೆ ಅವನ್ನೇ ಹಾಕುತ್ತೇನೆ.

ಈಗ ಮಾರುಕಟ್ಟೆಗೆ ಬರುತ್ತಿರುವ ಸೆಕೆಂಡ್ ಹ್ಯಾಂಡ್ ಪಿಸಿ 200-8ಗಳಲ್ಲಿ 6ಡಿ107 ಎಂಜಿನ್ ಇದೆ. ಅದು 107 ಮಿ.ಮೀ. ಬೋರಿನ ಕಮಿನ್ಸ್ ಕ್ಯೂಎಸ್‌ಬಿ 6.7 ಕುಟುಂಬದ್ದು, ಬ್ಲಾಕ್ ಮತ್ತು ಬೇರಿಂಗ್ ಮಟ್ಟಿಗೆ ಈ ಲೆಕ್ಕವೇ ನಡೆಯಬೇಕು. ಆದರೆ ಅದರಲ್ಲಿ ಡೀಸೆಲ್ ಅಳೆಯುವುದು ಗವರ್ನರ್ ಸ್ಪ್ರಿಂಗ್ ಅಲ್ಲ, ಕಂಪ್ಯೂಟರ್. ಒಂದು ಕೆಟ್ಟ ಎಂಜಿನ್ ಕೊಂಡು ಶೆಡ್ಡಿಗೆ ತಂದು ಬಿಚ್ಚಿಟ್ಟಿದ್ದೇನೆ. ಇಂಜೆಕ್ಟರ್ ಮತ್ತು ವೈರಿಂಗ್ ಬಲ್ಲ ಒಬ್ಬರೊಂದಿಗೆ ಮಾತು ನಡೆದಿದೆ, ದೀಪಾವಳಿಯ ನಂತರ ಅದನ್ನು ಬೆಂಚಿನ ಮೇಲೆ ಓಡಿಸಿ ನೋಡುತ್ತೇವೆ.