ಲೋಡಿಂಗ್ ಪರದೆ ಎಲ್ಲಿರಬೇಕು: ಆಟದ ಲೋಕ ಕಟ್ಟಿದ ನನ್ನ ಅನುಭವ

ಆನ್‌ಲೈನ್ ರೋಲ್‌ಪ್ಲೇಯಿಂಗ್ ಆಟವೊಂದರ ಸರ್ವರ್ ಬರೆಯುವ ಕೆಲಸ ನನ್ನ ಪಾಲಿಗೆ ಬಂದಾಗ ತಂಡದ ಮೊದಲ ಬೇಡಿಕೆ ಒಂದೇ ಆಗಿತ್ತು: ಲೋಕದ ಈ ತುದಿಯಿಂದ ಆ ತುದಿಯವರೆಗೆ ನಡೆದರೂ ಎಲ್ಲಿಯೂ ಲೋಡಿಂಗ್ ಪರದೆ (ಮುಂದಿನ ಭಾಗ ಸಿದ್ಧವಾಗುವವರೆಗೆ ಆಟವನ್ನು ನಿಲ್ಲಿಸಿ ಕಾಯಿಸುವ ಪರದೆ) ಬರಬಾರದು. ಕೊನೆಗೆ ನಾವು ಕಟ್ಟಿದ ಲೋಕದಲ್ಲಿ ಬಯಲು, ಕಾಡು, ಕರಾವಳಿ ಒಂದೇ ಹರವಾಗಿ ಚಾಚಿಕೊಂಡಿವೆ. ಗುಹೆಗಳಿಗೂ ರಾಜಧಾನಿಗೂ ಬಾಗಿಲಿದೆ, ಬಾಗಿಲಲ್ಲಿ ಲೋಡಿಂಗ್ ಇದೆ. ಇದು ರಾಜಿಯಲ್ಲ, ಯೋಚಿಸಿ ಮಾಡಿದ ಆಯ್ಕೆ. ಈ ವಿಷಯದ ಚರ್ಚೆಗಳು ಬಹುತೇಕ ಪರದೆಯ ಮುಂದೆಯೇ ನಿಂತುಬಿಡುತ್ತವೆ. ನಿಜವಾದ ಕಷ್ಟ ಇರುವುದು ಅದರ ಹಿಂದೆ.

ಎರಡೂ ಮಾದರಿಗಳು ಹಳೆಯವೇ. 1999ರ ಎವರ್‌ಕ್ವೆಸ್ಟ್ ಎಂಬ ಆಟ ತನ್ನ ಲೋಕವನ್ನು ವಲಯಗಳಾಗಿ ಕತ್ತರಿಸಿತ್ತು. ಅದೇ ವರ್ಷ ಬಂದ ಆಶೆರಾನ್ಸ್ ಕಾಲ್ ತನ್ನ ಬಯಲನ್ನು ಅಖಂಡವಾಗಿ ಇಟ್ಟಿತು. ಎವರ್‌ಕ್ವೆಸ್ಟ್‌ನಲ್ಲಿ ಬೆನ್ನಟ್ಟಿ ಬಂದ ರಾಕ್ಷಸರ ಹಿಂಡನ್ನು ವಲಯದ ಗೆರೆಯವರೆಗೆ ಎಳೆದು ತಂದು, ತಾವು ಮಾತ್ರ ಆಚೆಗೆ ದಾಟಿ ಪಾರಾಗುವುದು ಆಟಗಾರರಿಗೆ ರೂಢಿಯಾಗಿತ್ತು. ಹಿಂದೆ ಉಳಿದ ಹಿಂಡು ಗೆರೆಯ ಬಳಿ ನಿಂತವರ ಮೇಲೆ ಎರಗುತ್ತಿತ್ತು. ರಾಕ್ಷಸ ಒಂದು ಸರ್ವರ್ ಪ್ರಕ್ರಿಯೆಗೆ (ಲೋಕದ ಒಂದು ಭಾಗವನ್ನು ನಡೆಸುವ ಪ್ರೋಗ್ರಾಮಿಗೆ) ಸೇರಿದವನು, ಆಟಗಾರ ಮಾತ್ರ ಇನ್ನೊಂದಕ್ಕೆ ಹೋಗಬಲ್ಲ. ಗಡಿಯ ಪ್ರಶ್ನೆಯೆಲ್ಲ ಇಷ್ಟೇ: ಈ ಕ್ಷಣದಲ್ಲಿ ಯಾವ ವಸ್ತುವಿನ ಒಡೆತನ ಯಾರದು?

ಆಟಗಾರನ ಕಂಪ್ಯೂಟರಿನ ಕಡೆಯ ಕೆಲಸ ಇದಕ್ಕೆ ಹೋಲಿಸಿದರೆ ಸುಲಭ. ನಕ್ಷೆಯನ್ನು 256 ಮೀಟರಿನ ಚೌಕಗಳಾಗಿ ವಿಂಗಡಿಸಿದೆವು. ಸೆಕೆಂಡಿಗೆ 16 ಮೀಟರ್ ಓಡುವ ಕುದುರೆ ಒಂದು ಚೌಕವನ್ನು ದಾಟಲು 16 ಸೆಕೆಂಡು ಬೇಕು. ಅಷ್ಟರೊಳಗೆ ಮುಂದಿನ ಸಾಲಿನ ಚೌಕಗಳು ಡಿಸ್ಕಿನಿಂದ ಮೆಮೊರಿಗೆ ಬಂದಿರಬೇಕು. ಒಂದು ಎಚ್ಚರಿಕೆ ಮಾತ್ರ ಮುಖ್ಯ. 32 ಬಿಟ್‌ನ ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಯಲ್ಲಿ (ಕಂಪ್ಯೂಟರ್ ಭಿನ್ನರಾಶಿಗಳನ್ನು ಬರೆದಿಡುವ ಒಂದು ಬಗೆ) ಸ್ಥಾನವನ್ನು ಬರೆದಿಟ್ಟರೆ, ಮೂಲಬಿಂದುವಿನಿಂದ 130 ಕಿಲೋಮೀಟರಿಗಿಂತ ಸ್ವಲ್ಪ ಮುಂದೆ ಹೋಗುವಷ್ಟರಲ್ಲಿ ಬರೆದಿಡಬಹುದಾದ ಒಂದು ಸ್ಥಾನಕ್ಕೂ ಮುಂದಿನ ಸ್ಥಾನಕ್ಕೂ ನಡುವಿನ ಅಂತರ ಒಂದೂವರೆ ಸೆಂಟಿಮೀಟರ್ ದಾಟುತ್ತದೆ. ಪಾತ್ರದ ಬೆರಳುಗಳು ನಡುಗುವುದು ಬರಿಗಣ್ಣಿಗೇ ಕಾಣಿಸುತ್ತದೆ. ಆದ್ದರಿಂದ ಪ್ರತಿಯೊಂದು ಸ್ಥಾನವನ್ನೂ ಚೌಕದ ಸಂಖ್ಯೆ ಮತ್ತು ಆ ಚೌಕದೊಳಗಿನ ಅಂತರ ಎಂದು ಎರಡು ಭಾಗವಾಗಿ ಇಟ್ಟೆ. ಇದನ್ನು ಮೊದಲ ದಿನವೇ ಮಾಡಬೇಕು. ಸಾವಿರಾರು ಕಡೆ ಬಳಕೆಯಾದ ಮೇಲೆ ಬದಲಿಸುವುದು ನರಕ.

ಸರ್ವರ್ ಕಡೆಯ ಕಥೆ ಬೇರೆ. ಬಯಲಿನ ಪೂರ್ವಭಾಗವನ್ನು ಒಂದು ಪ್ರಕ್ರಿಯೆ, ಪಶ್ಚಿಮಭಾಗವನ್ನು ಇನ್ನೊಂದು ನೋಡಿಕೊಳ್ಳುತ್ತದೆ. ಗಡಿಯ ಈಚೆ ನಿಂತವನು ಆಚೆ ನಿಂತವನ ಮೇಲೆ ಬಾಣ ಬಿಟ್ಟರೆ ತಗುಲಿತೋ ಇಲ್ಲವೋ ಎಂದು ಹೇಳುವವರು ಯಾರು? ನಾನು ಇಟ್ಟುಕೊಂಡ ನಿಯಮ ಕಟ್ಟುನಿಟ್ಟಾದದ್ದು: ಒಂದು ವಸ್ತುವಿಗೆ ಒಂದೇ ಪ್ರಕ್ರಿಯೆ ಒಡೆಯ. ನೆರೆಯ ಪ್ರಕ್ರಿಯೆಯ ಬಳಿ ಇರುವುದು ನೆರಳು ಪ್ರತಿ ಮಾತ್ರ. ಅದನ್ನು ನೋಡಬಹುದು, ತಿದ್ದುವಂತಿಲ್ಲ. ಬಾಣ ತಗುಲಿತೆಂದು ಬಿಟ್ಟವನ ಕಡೆಯವರು ಅಹವಾಲು ಕಳುಹಿಸುತ್ತಾರೆ. ಜೀವ ಎಷ್ಟು ಕಡಿಮೆಯಾಯಿತೆಂದು ತೀರ್ಮಾನಿಸುವುದು ಪೆಟ್ಟು ತಿಂದವನ ಒಡೆಯ. ಗಡಿಯುದ್ದಕ್ಕೂ ನೆರಳು ಪ್ರತಿಗಳಿರುವ ನೆಲದ ಪಟ್ಟಿಯ ಅಗಲ, ಆಟದಲ್ಲಿ ಅತಿ ದೂರ ತಲುಪುವ ಮಂತ್ರದ ಅಳತೆಗಿಂತಲೂ ಆಟಗಾರ ಇತರರನ್ನು ಕಾಣುವ ದೂರಕ್ಕಿಂತಲೂ ಹೆಚ್ಚಿರಬೇಕು.

ಗೆರೆಯ ಮೇಲೆಯೇ ಅತ್ತಿತ್ತ ಓಡಾಡುವವರು ಇದ್ದೇ ಇರುತ್ತಾರೆ. ಪ್ರತಿ ಹೆಜ್ಜೆಗೂ ಒಡೆತನ ಬದಲಾದರೆ ಎರಡೂ ಪ್ರಕ್ರಿಯೆಗಳು ಬಳಲುತ್ತವೆ. ಹಾಗಾಗಿ ಗೆರೆ ದಾಟಿ ಸಾಕಷ್ಟು ಮೀಟರ್ ಒಳಗೆ ಹೋದ ಮೇಲಷ್ಟೇ ಹಸ್ತಾಂತರ, ಹಿಂದಿರುಗುವಾಗಲೂ ಹಾಗೆಯೇ. ಇಬ್ಬರು ಸರಕು ವಿನಿಮಯ ಮಾಡಿಕೊಳ್ಳುತ್ತಿದ್ದರೆ ಅದು ಮುಗಿಯುವವರೆಗೆ ಹಸ್ತಾಂತರವನ್ನು ತಡೆಹಿಡಿಯುತ್ತೇನೆ. 1997ರ ಅಲ್ಟಿಮಾ ಆನ್‌ಲೈನ್‌ನಲ್ಲಿ ಸರ್ವರ್ ಗೆರೆಯ ಬಳಿ ವಸ್ತುಗಳನ್ನು ಇಮ್ಮಡಿ ಮಾಡಿಕೊಳ್ಳುವ ದಾರಿಗಳನ್ನು ಆಟಗಾರರು ಕಂಡುಕೊಂಡಿದ್ದರು. ಒಂದು ಖಡ್ಗ ಎರಡಾದರೆ ಆಟದ ಆರ್ಥಿಕತೆಯೇ ಕುಸಿಯುತ್ತದೆ. ಆದ್ದರಿಂದ ಕೊಡುವುದು ಮತ್ತು ಪಡೆಯುವುದು ಡೇಟಾಬೇಸಿನಲ್ಲಿ ಒಂದೇ ವಹಿವಾಟಾಗಿ ನಡೆಯುತ್ತದೆ: ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು.

ಇಷ್ಟು ಶ್ರಮ ಎಲ್ಲ ಕಡೆಯೂ ಬೇಕೇ? ನನಗೆ ಉತ್ತರ ಕೊಟ್ಟದ್ದು ದೃಷ್ಟಿ. ಆಟಗಾರನಿಗೆ ದೂರದ ಬೆಟ್ಟ ಕಾಣುತ್ತಿದ್ದರೆ ಅಲ್ಲಿಗೆ ಅವನು ತಡೆಯಿಲ್ಲದೆ ನಡೆದುಹೋಗಬೇಕು. ನಡುವೆ ಪರದೆ ಬಂದರೆ ಆ ಬೆಟ್ಟ ಬರಿಯ ಚಿತ್ರವಾಗಿತ್ತು ಎನಿಸುತ್ತದೆ. ಗುಹೆಯ ಬಾಯಿಯಲ್ಲಿ ದೃಷ್ಟಿ ತಾನಾಗಿಯೇ ಕತ್ತರಿಸಿಹೋಗುತ್ತದೆ. ಎತ್ತರದ ಕೋಟೆಗೋಡೆಯ ಹಿಂದಿನ ನಗರವೂ ಹಾಗೆಯೇ. ಅಲ್ಲಿ ಲೋಡಿಂಗ್ ಇಟ್ಟರೆ ಯಾರಿಗೂ ಏನೂ ಕಳೆದುಹೋದಂತೆ ಅನಿಸುವುದಿಲ್ಲ ಎಂದು ನಂಬಿದೆ. ಆಡಿದವರ ವರ್ತನೆಯೂ ಅದನ್ನೇ ತೋರಿಸಿತು.

ನಗರಕ್ಕೆ ಬಾಗಿಲು ಇಡಲು ಇನ್ನೊಂದು ಕಾರಣ ಜನಸಂದಣಿ. ಒಂದೆಡೆ 100 ಮಂದಿ ಸೇರಿ ಪ್ರತಿಯೊಬ್ಬನಿಗೂ ಉಳಿದವರೆಲ್ಲರ ಚಲನೆ ತಿಳಿಯಬೇಕೆಂದರೆ ಸುಮಾರು 10,000 ಸುದ್ದಿಗಳು. 200 ಮಂದಿಯಾದರೆ 40,000. ನೆಲವನ್ನು ಎಷ್ಟೇ ಸಣ್ಣದಾಗಿ ಹಂಚಿದರೂ ಎಲ್ಲರೂ ಒಂದೇ ಚೌಕದಲ್ಲಿ ನಿಂತರೆ ಹಂಚಿಕೆಯಿಂದ ಪ್ರಯೋಜನವಿಲ್ಲ. ಈವ್ ಆನ್‌ಲೈನ್ ಎಂಬ ಬಾಹ್ಯಾಕಾಶದ ಆಟ ಇಂಥ ಹೊತ್ತಿನಲ್ಲಿ ಕಾಲವನ್ನೇ ನಿಧಾನಿಸುತ್ತದೆ, ಶೇಕಡಾ 10ರ ವೇಗದವರೆಗೂ. ಬಾಗಿಲಿರುವ ನಗರಕ್ಕೆ ನಾನು ಪ್ರತಿಗಳನ್ನು ಮಾಡಬಲ್ಲೆ: ಒಂದು ತುಂಬಿದರೆ ಇನ್ನೊಂದು ತೆರೆಯುತ್ತದೆ. ಗೆಳೆಯರು ಬೇರೆ ಬೇರೆ ಪ್ರತಿಗಳಲ್ಲಿ ಸಿಲುಕುವ ನೋವು ಇದ್ದೇ ಇದೆ. ಅದಕ್ಕಾಗಿ ಒಂದೇ ಗುಂಪಿನವರನ್ನು ಒಂದೇ ಪ್ರತಿಗೆ ಸೇರಿಸುತ್ತೇವೆ.

ಹಾರುವ ವಾಹನ ಕೊಡಿ ಎಂದು ಆಟಗಾರರು ಕೇಳುತ್ತಲೇ ಇದ್ದಾರೆ. ನಾನು ಇನ್ನೂ ಒಪ್ಪಿಲ್ಲ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಎರಡು ಮೂಲ ಖಂಡಗಳು 2004ರಲ್ಲೇ ಅಖಂಡವಾಗಿದ್ದವು. 2007ರಲ್ಲಿ ಸ್ವಂತ ಹಾರಾಟ ಬಂದಾಗ ಅದು ಹೊಸದಾಗಿ ಕಟ್ಟಿದ ಔಟ್‌ಲ್ಯಾಂಡ್‌ಗೆ ಸೀಮಿತವಾಗಿತ್ತು. ಹಳೆಯ ಖಂಡಗಳ ಮೇಲೆ ಹಾರಲು ಅವುಗಳನ್ನು ತಿದ್ದಿ ಕಟ್ಟುವವರೆಗೆ, ಅಂದರೆ 2010ರವರೆಗೆ ಕಾಯಬೇಕಾಯಿತು. ಮೇಲಿನಿಂದ ನೋಡಿದರೆ ಕೋಟೆಗೋಡೆ ಏನನ್ನೂ ಮರೆಮಾಡುವುದಿಲ್ಲ. ಹಾರಾಟ ಬಂದರೆ ನಮ್ಮ ನಗರದ ಬಾಗಿಲನ್ನೇ ಕಿತ್ತು ಹಾಕಬೇಕಾಗುತ್ತದೆ.

ಸದ್ಯಕ್ಕೆ ನನ್ನ ದಿನದ ಕೆಲಸದಲ್ಲಿ ದೊಡ್ಡ ಪಾಲು ಪರೀಕ್ಷೆಯದು. ಕೃತಕ ಆಟಗಾರರು ಬಯಲಿನ ಗಡಿಯುದ್ದಕ್ಕೂ ಹಗಲಿರುಳು ಓಡುತ್ತಾ, ಹೊಡೆದಾಡುತ್ತಾ, ನಾಣ್ಯ ಬದಲಿಸಿಕೊಳ್ಳುತ್ತಾ ಇರುತ್ತಾರೆ. ಒಟ್ಟು ನಾಣ್ಯಗಳ ಸಂಖ್ಯೆ ಒಂದರಷ್ಟು ಬದಲಾದರೂ ಪರೀಕ್ಷೆ ನಿಂತು ನನ್ನನ್ನು ಕರೆಯುತ್ತದೆ. ವಿನ್ಯಾಸಕರು ಹೊಸ ಮಂತ್ರವೊಂದನ್ನು ತಂದಾಗಲೆಲ್ಲ ನಾನು ಮೊದಲು ಕೇಳುವುದು ಅದರ ಬಲವನ್ನಲ್ಲ, ಅದು ಎಷ್ಟು ಮೀಟರ್ ತಲುಪುತ್ತದೆ ಎಂಬುದನ್ನು.